ಗೋಡೆ ಗಟ್ಟಿಯಾಯಿತು, ಸೂರು ಗಿಡ್ಡವಾಯಿತು

ಮೂಡಿಗೆರೆಯಿಂದ ಕೊಟ್ಟಿಗೆಹಾರ, ಬಾಳೂರು ದಾಟಿ ಕಳಸಕ್ಕೆ ಹೋಗುವ ದಾರಿಯಲ್ಲಿ ಹಳೆಯ ಮನೆ ಯಾವುದು, ಹೊಸತು ಯಾವುದು ಎಂದು ಗುರುತಿಸಲು ಬಸ್ಸಿನಿಂದ ಇಳಿಯಬೇಕಿಲ್ಲ. ಹಳೆಯದರಲ್ಲಿ ದೂರಕ್ಕೆ ಕಾಣುವುದು ಹೆಂಚು ಮಾತ್ರ. ಗೋಡೆ ಸೂರಿನ ಕತ್ತಲಲ್ಲಿ ಎಲ್ಲೋ ಒಳಗಿರುತ್ತದೆ. ಹೊಸದರಲ್ಲಿ ಗೋಡೆಯೇ ಎದ್ದು ಕಾಣುತ್ತದೆ. ಗೋಡೆಯ ಮೇಲೆ ಬಣ್ಣ, ಬಣ್ಣದ ಮೇಲೆ ಪಡುವಣ ಮೂಲೆಯಿಂದ ಇಳಿದ ಕಪ್ಪು ಪಾಚಿ. ಒಂದು ತಲೆಮಾರಿನೊಳಗೆ ನಮ್ಮ ಕಡೆಯ ಮನೆಗಳು ಹೀಗೆ ಬದಲಾದವು. ಬದಲಾಯಿಸಿದವರಲ್ಲಿ ನಾನೂ ಒಬ್ಬ. ಬಣಕಲ್ ಕಡೆ ನನ್ನದೊಂದು ಬ್ಲಾಕ್ ಯಾರ್ಡ್ ಇದೆ.

ಅಪ್ಪ ಗಾರೆ ಮೇಸ್ತ್ರಿ. ಘಟ್ಟದ ಕೆಳಗಿನ ಬೆಳ್ತಂಗಡಿ ಸೀಮೆಯಿಂದ ಚಾರ್ಮಾಡಿ ಹತ್ತಿ ಬಂದು ತೋಟಗಳಲ್ಲಿ ಕೆಲಸ ಹಿಡಿದವರು. ಬಂಗಲೆ ರಿಪೇರಿ, ಪಲ್ಪರ್ ಮನೆಯ ತೊಟ್ಟಿ, ಕಾಫಿ ಕಣ, ಕೆಲಸಗಾರರ ಲೈನು ಮನೆಗಳ ಸುಣ್ಣಬಣ್ಣ, ಎಲ್ಲಾ ಮಾಡುತ್ತಿದ್ದರು. ಗೋಡೆ ಕಟ್ಟಲು ಕರೆದವರ ಮನೆಗೆ ಹೋದರೆ ಅಪ್ಪ ಮೊದಲು ವಿಚಾರಿಸುತ್ತಿದ್ದದ್ದು ಮಾಡಿನ ವಿಷಯ. "ಗೌಡ್ರೆ, ಸೂರು ಎಷ್ಟು ಬಿಡ್ತೀರಿ ಹೇಳಿ, ಗೋಡೆ ಆಮೇಲೆ ನೋಡಾಣ" ಎನ್ನುತ್ತಿದ್ದರು. ಮೇಸ್ತ್ರಿಗೆ ಯಾಕೆ ಬಡಗಿಯ ಚಿಂತೆ ಎಂದು ಆಗ ನನಗೆ ಅನ್ನಿಸುತ್ತಿತ್ತು.

ಮೂಡಿಗೆರೆ ಪೇಟೆಯಿಂದ ಪಡುವಣಕ್ಕೆ ಸರಿದಷ್ಟೂ ಮಳೆ ಏರುತ್ತದೆ. ತೋಟದವರು ಇಂದಿಗೂ ಮಳೆಯನ್ನು ಇಂಚು, ಸೆಂಟಿನಲ್ಲಿ ಲೆಕ್ಕ ಬರೆಯುತ್ತಾರೆ. ಕೊಟ್ಟಿಗೆಹಾರ, ಸಂಸೆ, ಕಳಸದ ಕಡೆ ವರ್ಷಕ್ಕೆ 100 ಇಂಚು ದಾಟಿತು ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಮಳೆ ನೆಟ್ಟಗೆ ಬಿದ್ದರೆ ಗೋಡೆಗೇನೂ ಆಗದು. ಆರಿದ್ರೆಯಿಂದ ಆಶ್ಲೇಷದವರೆಗೆ ಅದು ಗಾಳಿಯ ಜೊತೆ ಅಡ್ಡಡ್ಡ ಬರುತ್ತದೆ. ಆ ಇರಚಲು ಪಡುವಣ ಗೋಡೆಯನ್ನು ತಿಂಗಳುಗಟ್ಟಲೆ ಒದ್ದೆಯಾಗಿಯೇ ಇಟ್ಟಿರುತ್ತದೆ. ಬಯಲುಸೀಮೆಯಲ್ಲಿ ಗೋಡೆ ಎಷ್ಟು ಭಾರ ಹೊರುತ್ತದೆ ಎಂದು ಕೇಳಿದರೆ ಸಾಕು. ಇಲ್ಲಿ ಎಷ್ಟು ದಿನ ನೆನೆದೀತು, ನೆನೆದದ್ದು ಯಾವಾಗ ಒಣಗೀತು ಎಂದು ಕೇಳಬೇಕು.

ಹಿಂದಿನವರ ಗೋಡೆ ಮಣ್ಣಿನದು. ಅದನ್ನು ಕಟ್ಟುವುದನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೇನೆ. ದೀಪಾವಳಿ ಕಳೆದು ನೆಲ ಬಿಗಿಯಾದ ಮೇಲೆ ಕೆಲಸ ಶುರು. ಮನೆ ಹಿಂದಿನ ದರೆ ಕಡಿದು ಕೆಮ್ಮಣ್ಣು ತೆಗೆದು, ಗುಂಡಿಗೆ ಹಾಕಿ, ನೀರು ಬಿಟ್ಟು ತುಳಿದು, ರಾತ್ರಿಯಿಡೀ ನೆನೆಯಲು ಬಿಡುತ್ತಿದ್ದರು. ಮರುದಿನ ಮತ್ತೆ ತುಳಿತ. ಹದಕ್ಕೆ ಬಂದ ಮಣ್ಣನ್ನು ಉಂಡೆ ಮಾಡಿ ಒಬ್ಬರ ಕೈಯಿಂದ ಒಬ್ಬರ ಕೈಗೆ ಎಸೆಯುತ್ತ ಗೋಡೆಗೆ ಏರಿಸುತ್ತಿದ್ದರು. ದಿನಕ್ಕೆ ಒಂದೇ ವರಸೆ, ಹೆಚ್ಚೆಂದರೆ ಒಂದೂವರೆ ಅಡಿ ಎತ್ತರ. ಅದು ಬಲಿಯುವ ತನಕ ಮುಂದಿನ ವರಸೆ ಇಡುವಂತಿಲ್ಲ. ಗೋಡೆಯ ದಪ್ಪವೂ ಸುಮಾರು ಒಂದೂವರೆ ಅಡಿ. ಆಮೇಲೆ ಪಕ್ಕಗಳನ್ನು ಹೆರೆದು, ನುಣುಪು ಮಣ್ಣಿನಿಂದ ಸಾರಿಸಿ, ಸುಣ್ಣ ಬಳಿದರೆ ಮುಗಿಯಿತು. ಅಂಥ ಗೋಡೆ ನೂರು ವರ್ಷ ನಿಂತದ್ದಿದೆ, ಮೇಲಿನ ಮಾಡು ಸರಿಯಿದ್ದರೆ. ಹೆಂಚು ಜಾರಿ ಒಂದು ಮಳೆಗಾಲ ಯಾರೂ ನೋಡದೆ ಬಿಟ್ಟರೆ ಅದೇ ಗೋಡೆ ಎರಡು ವರ್ಷದಲ್ಲಿ ದಿಬ್ಬವಾಗುತ್ತದೆ. ಹಾಗಾಗಿಯೇ ಮೂರಡಿ ಸೂರು, ಸುತ್ತ ಜಗಲಿ, ಮಳೆಗಾಲ ಬರುವ ಮುಂಚೆ ಪಡುವಣ ಬದಿಗೆ ಅಡಿಕೆ ಸೋಗೆಯ ತಟ್ಟಿ. ಹಳಬರು ಸೋಗೆ ಕಟ್ಟುವುದನ್ನು ಬೇಸಾಯದ ಕೆಲಸಗಳ ಸಾಲಿಗೇ ಸೇರಿಸಿಕೊಂಡಿದ್ದರು. ಗೊಬ್ಬರ ಹಾಕಿದಂತೆ, ಕಪಾತು ಮಾಡಿದಂತೆ ಅದೂ ವರ್ಷ ವರ್ಷ ಆಗಲೇಬೇಕು.

1830ರ ಸುಮಾರಿಗೆ ಕ್ಯಾನನ್ ಎಂಬ ಇಂಗ್ಲಿಷಿನವನು ಚಿಕ್ಕಮಗಳೂರಿನ ಬಳಿ ಕಾಫಿ ತೋಟ ಮಾಡಿದ ಮೇಲೆ ಒಬ್ಬರ ಹಿಂದೆ ಒಬ್ಬರು ದೊರೆಗಳು ಬಂದರು. ಅವರ ಬಂಗಲೆಗಳೂ ಗೋಡೆಯನ್ನು ಸೂರಿನ ಒಳಗೇ ಇಟ್ಟವು. ನಮ್ಮ ಜಗಲಿ ಅವರ ವೆರಾಂಡ ಆಯಿತು, ಅಷ್ಟೇ. ಮಾಡಿನ ಮೇಲೆ ಮಾತ್ರ ದೊಡ್ಡ ಬದಲಾವಣೆ ಬಂತು. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಆ ಹೆಂಚು ಘಟ್ಟ ಹತ್ತಿದ ಮೇಲೆ ಹುಲ್ಲು, ಸೋಗೆ, ನಾಡಹೆಂಚುಗಳು ಹಿಂದೆ ಸರಿದವು. ಮಂಗಳೂರು ಹೆಂಚಿಗೆ ಇಳಿಜಾರು ಸರಿಯಾಗಿರಬೇಕು, ಸೂರು ಚಾಚಿರಬೇಕು. ಗೋಡೆಗೆ ಅದಕ್ಕಿಂತ ಒಳ್ಳೆಯ ಗೆಳೆಯ ಸಿಕ್ಕಿರಲಿಲ್ಲ.

ಕೆಂಪುಕಲ್ಲೂ ಕೆಳಗಿನಿಂದಲೇ ಬಂತು. ಕರಾವಳಿಯವರು ಮುರಕಲ್ಲು ಎನ್ನುವ ಅದನ್ನು 1800-01ರಲ್ಲಿ ಮಲಬಾರಿನ ಅಂಗಡಿಪುರದಲ್ಲಿ ಕಂಡ ಬುಕನನ್ ಎಂಬ ಬ್ರಿಟಿಷ್ ಸರ್ವೆಯವನು, ಅಗೆಯುವಾಗ ಮೆದುವಾಗಿದ್ದು ಗಾಳಿ ತಾಕಿದ ಮೇಲೆ ಗಟ್ಟಿಯಾಗುವ ಅದರ ಗುಣವನ್ನು ಬರೆದಿಟ್ಟ. ಲಾರಿ ಬಂದ ಮೇಲೆ ಬೆಳ್ತಂಗಡಿ, ಕಾರ್ಕಳದ ಕಡೆಯ ಕಲ್ಲು ಘಟ್ಟ ಹತ್ತಿ ಬರತೊಡಗಿತು. ಒಳ್ಳೆಯ ಕಲ್ಲು, ಸುಂದರ ಕಲ್ಲು. ಆದರೆ ಚಾರ್ಮಾಡಿಯ ತಿರುವುಗಳಲ್ಲಿ ಸಾಗಿಸುವ ಬಾಡಿಗೆ ಕಲ್ಲಿನ ಬೆಲೆಗೇ ಸಮ ಬೀಳುತ್ತಿತ್ತು. ಇಟ್ಟಿಗೆ ಬರಬೇಕಾದರೆ ಬಯಲುಸೀಮೆಯ ಕೆರೆಯಂಗಳದ ಗೂಡುಗಳಿಂದ. ದಾರಿಯಲ್ಲಿ ಒಡೆದದ್ದು ಕಳೆದು ಉಳಿದದ್ದೇ ಲೆಕ್ಕ.

ಇನ್ನು ಸಿಮೆಂಟು. ಲೀಡ್ಸ್ ಊರಿನ ಆಸ್ಪ್‌ಡಿನ್ ಎಂಬ ಗಾರೆ ಕೆಲಸದವನು ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ. ಅಮೆರಿಕದ ಹಾರ್ಮನ್ ಪಾಮರ್ ಎಂಬವನು ಟೊಳ್ಳು ಬ್ಲಾಕ್ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1900ರಲ್ಲಿ. ನಾನು ಹೊಟ್ಟೆ ಹೊರೆಯುವುದು ಈ ಇಬ್ಬರ ಪುಣ್ಯದಿಂದ. ಪಾಮರನ ಬ್ಲಾಕು ನಮ್ಮ ಗುಡ್ಡ ಹತ್ತಲು ಮುಕ್ಕಾಲು ಶತಮಾನಕ್ಕೂ ಹೆಚ್ಚು ಹಿಡಿಯಿತು. ಅದಕ್ಕೆ ಕಾರಣ ಬ್ಲಾಕಲ್ಲ, ಸಿಮೆಂಟು.

ಮೈಸೂರು ಸಂಸ್ಥಾನದಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯವರೇ 1930ರ ದಶಕದ ಕೊನೆಗೆ ಸಿಮೆಂಟ್ ಮಾಡತೊಡಗಿದರು. ಮುಂದೆ ತುಮಕೂರು ಜಿಲ್ಲೆಯ ಅಮ್ಮಸಂದ್ರದಲ್ಲೂ ಕಾರ್ಖಾನೆ ಬಂತು. ದೂರದಿಂದ ರೈಲಿನಲ್ಲಿ ಬರುವ ಸಿಮೆಂಟು ಇಳಿಯುತ್ತಿದ್ದದ್ದು ಕಡೂರಿನಲ್ಲಿ. ಚಿಕ್ಕಮಗಳೂರಿಗೆ ರೈಲು ಬಂದದ್ದೇ 2013ರಲ್ಲಿ. ಅಲ್ಲಿಯ ತನಕ ಕಡೂರಿನಿಂದ ಮೇಲಕ್ಕೆ ಲಾರಿಯೇ ಗತಿ. ಇಷ್ಟಾಗಿಯೂ ಅಂಗಡಿಯಲ್ಲಿ ಕಾಸು ಕೊಟ್ಟರೆ ಚೀಲ ಸಿಗುತ್ತಿರಲಿಲ್ಲ. ಪರ್ಮಿಟ್ ಬೇಕು. ಎಷ್ಟು ಚದರ, ಏನು ಕೆಲಸ ಎಂದು ಅರ್ಜಿ ಬರೆದು, ಕಚೇರಿ ಅಲೆದು, ಮಂಜೂರಾದ ಚೀಲಗಳನ್ನು ತಂದು ಮನೆಯೊಳಗೆ ಹಲಗೆಯ ಮೇಲೆ ಜೋಡಿಸಿ ಇಡುತ್ತಿದ್ದರು. ಆಗಿನದು ಗೋಣಿಚೀಲ. ಒಂದು ಜಡಿಮಳೆ ಹಿಡಿದರೆ ಒಳಗಿದ್ದದ್ದು ಚೀಲದ ಆಕಾರಕ್ಕೇ ಕಲ್ಲಾಗುತ್ತಿತ್ತು. ಹಾಗೆ ಕಲ್ಲಾದ ಚೀಲಗಳನ್ನು ದನದ ಕೊಟ್ಟಿಗೆಯ ಬಾಗಿಲಿಗೆ ಮೆಟ್ಟಿಲಾಗಿ ಇಟ್ಟದ್ದನ್ನು ಎಷ್ಟೋ ಕಡೆ ಕಂಡಿದ್ದೇನೆ.

ಇಷ್ಟು ಕಷ್ಟಪಟ್ಟು ತಂದ ಸಿಮೆಂಟು ಯಾರಿಗೆ? ಮನುಷ್ಯರಿಗಿಂತ ಮೊದಲು ಕಾಫಿಗೆ. ಅಪ್ಪನ ಕೈಯಲ್ಲಿ ಸಿಮೆಂಟು ಹೋದದ್ದು ಪಲ್ಪರಿನ ತೊಟ್ಟಿಗೆ, ಹಣ್ಣು ತೊಳೆಯುವ ಕಾಲುವೆಗೆ, ಬೀಜ ಒಣಗಿಸುವ ಕಣಕ್ಕೆ. ಕಣ ಸಗಣಿಯದಾದರೆ ಬೀಜಕ್ಕೆ ವಾಸನೆ ಹಿಡಿಯುತ್ತದೆ ಎಂದು ಸಾಹುಕಾರರು ಅಲ್ಲಿಗೆ ಸಿಮೆಂಟು ಹಾಕಿಸುತ್ತಿದ್ದರು. ಅದೇ ಬೀಜ ಕೊಯ್ದವರು ಲೈನಿನಲ್ಲಿ ಮಣ್ಣಿನ ನೆಲದ ಮೇಲೆ ಮಲಗುತ್ತಿದ್ದರು. ಕೆಲಸಗಾರರಿಗೆ ತೋಟದವರೇ ಮನೆ ಕೊಡಬೇಕೆಂದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಹೇಳಿತು. ಕಾಯ್ದೆ ಬಂದರೂ ಲೈನುಗಳು ಒಮ್ಮೆಲೇ ಬದಲಾಗಲಿಲ್ಲ. ಆದರೆ ಮಣ್ಣಿನ ಗೋಡೆ, ತಗಡಿನ ಮಾಡು ಇದ್ದ ಕಡೆ ಪಕ್ಕಾ ಗೋಡೆ ಕಟ್ಟಬೇಕು ಎಂಬ ಮಾತು ದಫ್ತರಿಗೆ ಸೇರಿತು. ಮುಂದೆ ನನ್ನ ಬ್ಲಾಕಿಗೆ ದೊಡ್ಡ ಗಿರಾಕಿಗಳಾದದ್ದು ಇದೇ ಲೈನುಗಳು.

1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಶುರುವಾಯಿತು. ಗಣಿ, ಲಕ್ಯಾ ಅಣೆಕಟ್ಟು, ಮಂಗಳೂರಿಗೆ ಕೊಳವೆ ಮಾರ್ಗ, ಮಲ್ಲೇಶ್ವರದಲ್ಲಿ ಟೌನ್‌ಶಿಪ್. ಓದು ಬಿಟ್ಟ ನಮ್ಮಂಥ ಹುಡುಗರು ಗುತ್ತಿಗೆದಾರರ ಕೈಕೆಳಗೆ ಅಲ್ಲಿ ಸೇರಿಕೊಂಡೆವು. ಜಲ್ಲಿ ಅಳೆಯುವುದು, ನೀರು ಅಳೆಯುವುದು, ಘನ ಹಾಕಿ ದಿನ ಎಣಿಸಿ ಒಡೆದು ನೋಡುವುದು, ಕಾಂಕ್ರೀಟಿನ ಶಿಸ್ತು ನನಗೆ ಹತ್ತಿದ್ದು ಅಲ್ಲಿ. ಅಪ್ಪ ಜೀವಮಾನವೆಲ್ಲ ನೀರನ್ನು ಕಣ್ಣಳತೆಯಲ್ಲೇ ಸುರಿದವರು. ನಾನು ಮನೆಗೆ ಬಂದು ಅಳತೆಯ ಮಾತಾಡಿದರೆ ನಕ್ಕು ಸುಮ್ಮನಾಗುತ್ತಿದ್ದರು.

ಕೇಂದ್ರ ಸರ್ಕಾರ 1982ರ ಫೆಬ್ರವರಿ ಕೊನೆಗೆ ಸಿಮೆಂಟಿನ ಮೇಲಿನ ಹಿಡಿತವನ್ನು ಅರ್ಧ ಸಡಿಲಿಸಿತು. 1989ರಲ್ಲಿ ಪೂರ್ತಿ ಬಿಟ್ಟಿತು. ನಮ್ಮ ಕಡೆಯ ಗೋಡೆಗಳ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಾರೀಕು ನನಗೆ ಗೊತ್ತಿಲ್ಲ. ಅಂಗಡಿಯಲ್ಲಿ ಚೀಲ ಸಿಗತೊಡಗಿದ್ದೇ ಸರಿ, ಲೆಕ್ಕ ತಿರುಗಿತು. ಇಟ್ಟಿಗೆ ಬಯಲುಸೀಮೆಯಿಂದ ಬರಬೇಕು, ಕೆಂಪುಕಲ್ಲು ಕೆಳಗಿಂದ ಬರಬೇಕು. ಬ್ಲಾಕಿಗಾದರೆ ಸಿಮೆಂಟ್ ಒಂದು ಬಂದರೆ ಸಾಕು. ಜಲ್ಲಿ ಇಲ್ಲೇ, ಆಗ ಮರಳೂ ಇಲ್ಲೇ, ಹೇಮಾವತಿಯಲ್ಲಿ, ಭದ್ರೆಯಲ್ಲಿ. ಸುಡಲು ಸೌದೆ ಬೇಡ. ಒಂದು ಎಂಟಿಂಚಿನ ಬ್ಲಾಕು ಏಳೆಂಟು ಇಟ್ಟಿಗೆಯ ಜಾಗ ತುಂಬುತ್ತದೆ. ಗೋಡೆ ಬೇಗ ಏಳುತ್ತದೆ.

ಗೋಡೆ ಬೇಗ ಏಳುವುದು ಸರ್ಕಾರಿ ಮನೆಗಳಿಗೆ ಬಹಳ ಮುಖ್ಯವಾಯಿತು. 1985ರಲ್ಲಿ ಇಂದಿರಾ ಆವಾಸ್, 1991-92ರಲ್ಲಿ ಆಶ್ರಯ. ದುಡ್ಡು ಕಂತಿನಲ್ಲಿ ಬರುತ್ತದೆ: ತಳಪಾಯಕ್ಕೊಂದು, ಲಿಂಟಲ್ ಮಟ್ಟಕ್ಕೊಂದು, ಮಾಡಿಗೊಂದು. ಮಾರ್ಚಿಯೊಳಗೆ ಬಿಲ್ಲಾಗಬೇಕು. ದಿನಕ್ಕೊಂದು ವರಸೆ ಏರುವ ಮಣ್ಣಿನ ಗೋಡೆ ಇಂಥ ಕಂತಿಗೆ ಹೊಂದುವುದುಂಟೇ? ಮಣ್ಣಿನ ಗೋಡೆಯನ್ನು ಮಳೆ ಸೋಲಿಸಲಿಲ್ಲ. ಅದು ಸೋತದ್ದು ಬಿಲ್ಲಿಗೆ. ನನ್ನ ಅನುಭವದಲ್ಲಿ ಇದು ನಿಜ.

ನಾನು ಶುರು ಮಾಡಿದ್ದು ಕಬ್ಬಿಣದ ಕೈ ಅಚ್ಚಿನಿಂದ. ಮಾಲು ತುಂಬಿ, ದಮ್ಮಸಿನಿಂದ ಕುಟ್ಟಿ, ಅಚ್ಚು ಬಿಚ್ಚಿ ಮುಂದಿನದಕ್ಕೆ. ಆಮೇಲೆ ಮಂಗಳೂರಿನ ಬೈಕಂಪಾಡಿ ಕಡೆ ನೋಡಿ ಬಂದು ಕರೆಂಟಿನ ಮೆಷಿನ್ ತಂದೆ. ನೆಲದ ಮೇಲೆ ಬ್ಲಾಕುಗಳನ್ನು ಇಡುತ್ತ ಚಕ್ರದ ಮೇಲೆ ಮುಂದೆ ಮುಂದೆ ಸರಿಯುವ ಮೆಷಿನ್ನು. ಮಾರುವವರು ಎಗ್ ಲೇಯಿಂಗ್ ಮೆಷಿನ್ ಎನ್ನುತ್ತಿದ್ದರು, ನನ್ನ ಹುಡುಗರು 'ಕೋಳಿ' ಎಂದೇ ಕರೆದರು. ಕೋಳಿ ಎಷ್ಟೇ ಚೆನ್ನಾಗಿ ನಡುಗಿದರೂ ಬ್ಲಾಕಿನ ಹಣೆಬರಹ ಮಾಲಿನ ಹದದಲ್ಲಿದೆ. ಸಿಮೆಂಟು, ಕ್ರಷರ್ ಪುಡಿ, ಬೇಬಿ ಜಲ್ಲಿ ಒಣದಾಗಿ ಬೆರೆಸಿ, ನೀರನ್ನು ಚಿಮುಕಿಸಿದಂತೆ ಹಾಕಬೇಕು. ಒಂದು ಮುಷ್ಟಿ ತೆಗೆದು ಬಿಗಿಯಾಗಿ ಅಮುಕಿದರೆ ಉಂಡೆ ನಿಲ್ಲಬೇಕು. ಅಂಗೈಗೆ ತೇವ ಹತ್ತಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಉಂಡೆ ಪುಡಿಯಾದರೆ ನೀರು ಸಾಲದು, ಅಚ್ಚು ಎತ್ತಿದಾಗ ಮೂಲೆ ಉದುರುತ್ತದೆ. ನೀರು ಹೆಚ್ಚಾದರೆ ಬ್ಲಾಕು ನಿಂತಲ್ಲೇ ಹೊಟ್ಟೆ ಬಿಡುತ್ತದೆ. ಮಾಲು ಬೆರೆಸಿದ ಅರ್ಧ ಮುಕ್ಕಾಲು ಗಂಟೆಯೊಳಗೆ ಅಚ್ಚಿಗೆ ಹೋಗಬೇಕು. ಊಟಕ್ಕೆ ಹೋಗಿ ಬಂದು ಅದೇ ಮಾಲಿಗೆ ಮತ್ತೆ ನೀರು ಹಾಕಿ ತಿರುಗಿಸುವವರಿದ್ದಾರೆ. ಅಂಥ ಬ್ಲಾಕು ನೋಡಲು ಚೆಂದ, ಉಗುರಿನಲ್ಲಿ ಕೆರೆದರೆ ಬರುತ್ತದೆ.

ಭಾರತೀಯ ಮಾನಕ ಐಎಸ್ 2185 ಹೇಳುವ ಪ್ರಕಾರ ಒಂದು ಪಾಲು ಸಿಮೆಂಟಿಗೆ ಜಲ್ಲಿ, ಮರಳು ಎಲ್ಲಾ ಸೇರಿ ಆರು ಪಾಲಿಗಿಂತ ಕಡಿಮೆ ಇರಬಾರದು, ಸಿಮೆಂಟು ಅತಿಯಾಗಬಾರದು. ಮಾರುಕಟ್ಟೆಯಲ್ಲಿ ತಪ್ಪುವುದು ಇನ್ನೊಂದು ಕಡೆಗೆ, ಆರು ಎಂಬುದು ಒಂಬತ್ತು, ಹತ್ತು ಆಗಿರುತ್ತದೆ. ಚೀಲವೊಂದಕ್ಕೆ ಇಪ್ಪತ್ತು ಆರಿಂಚಿನ ಬ್ಲಾಕು ತೆಗೆಯುವ ಕಡೆ ಇಪ್ಪತ್ತೆಂಟು ತೆಗೆಯುವವರು ಇದ್ದೇ ಇದ್ದಾರೆ. ಹದಿನಾಲ್ಕು ದಿನ ನೀರು ಬಿಡಬೇಕು, ಆಮೇಲೆ ನಾಲ್ಕು ವಾರ ಒಣಗಿಸಬೇಕು ಎಂದೂ ಅದೇ ಮಾನಕ ಹೇಳುತ್ತದೆ. ನೀರಿನ ಚಿಂತೆ ನಮಗಿಲ್ಲ, ದೇವರೇ ಬಿಡುತ್ತಾನೆ. ಒಣಗಿಸುವ ನಾಲ್ಕು ವಾರ ಎಲ್ಲಿಂದ ತರುವುದು?

ಈ ಊರಲ್ಲಿ ಬ್ಲಾಕು ಮಾಡುವುದಕ್ಕೂ ಕಾಫಿಗೂ ಹೊಂದಿಕೆ ಇಲ್ಲ. ಬಿಸಿಲು ಇರುವುದು ನವೆಂಬರಿನಿಂದ ಮಾರ್ಚಿವರೆಗೆ. ಅರೇಬಿಕಾ ಕೊಯ್ಲು ಆಗಲೇ, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ. ಆಳುಗಳೆಲ್ಲ ತೋಟಕ್ಕೆ. ಕೊಯ್ಲು ಮುಗಿದು ಕೈ ಸಿಗುವ ಹೊತ್ತಿಗೆ ಹೂಮಳೆ. ಆ ಮಳೆಗಾಗಿ ಬೆಳೆಗಾರರು ಮುಗಿಲು ನೋಡುತ್ತಿದ್ದರೆ ನಾವು ಟಾರ್ಪಲು ಹಿಡಿದು ಅದೇ ಮುಗಿಲು ನೋಡುತ್ತಿರುತ್ತೇವೆ. ಬೆಳಿಗ್ಗೆ ಹಾಕಿದ ಬ್ಲಾಕಿಗೆ ಸಂಜೆ ಆಲಿಕಲ್ಲು ಮಳೆ ಬಿದ್ದರೆ ಅಂಚೆಲ್ಲ ಕರಗಿ ಹೋಗುತ್ತದೆ. ಕಾಫಿ ಗಿಡಕ್ಕೆ ಬಿದ್ದ ಒಂದು ಇಂಚು ಚಿನ್ನ, ನನ್ನ ಅಂಗಳಕ್ಕೆ ಬಿದ್ದದ್ದು ನಷ್ಟ. ಈಗ ಉತ್ತರದ ರಾಜ್ಯಗಳಿಂದ ಹುಡುಗರು ಬರುತ್ತಾರೆ, ಕೋಳಿ ಓಡಿಸುವವರು ಅವರೇ.

ಅಳತೆಯ ಮಾತು ಚುಟುಕಾಗಿ ಹೇಳಿಬಿಡುತ್ತೇನೆ. ಉದ್ದ ಹದಿನಾರು ಇಂಚು, ಎತ್ತರ ಎಂಟು. ದಪ್ಪದಲ್ಲಿ ನಾಲ್ಕು, ಆರು, ಎಂಟು. ನಾಲ್ಕಿಂಚು ಒಳಗಿನ ಅಡ್ಡಗೋಡೆಗೆ, ಆರಿಂಚು ಪಿಲ್ಲರ್ ಇರುವ ಮನೆಗೆ, ಎಂಟಿಂಚು ಗೋಡೆಯೇ ಭಾರ ಹೊರುವ ಕಡೆ. ಎಂಟಿಂಚಿನ ಸಾಲಿಡ್ ಬ್ಲಾಕು ಮೂವತ್ತು ಕಿಲೋ ಮೀರುತ್ತದೆ, ಅದನ್ನು ದಿನವಿಡೀ ಎತ್ತುವವನ ಬೆನ್ನಿಗೆ ಪಿಂಚಣಿ ಇಲ್ಲ. ಇವಲ್ಲದೆ ಬಾವಿ ರಿಂಗು, ಬೇಲಿ ಕಂಬ, ಗಾಳಿಯಾಡುವ ಜಾಲರಿ, ಅಂಗಳಕ್ಕೆ ಇಂಟರ್‌ಲಾಕ್. ಜಾಲರಿ ಒಂದು ಕಾಲದಲ್ಲಿ ಎಲ್ಲರ ಜಗಲಿಯಲ್ಲೂ ಇತ್ತು, ಈಗ ಕೇಳುವವರಿಲ್ಲ.

ಹಾಲೋ ಬ್ಲಾಕಿನ ಕಥೆ ಬೇರೆ. ಅದು ಹಗುರ, ಸಿಮೆಂಟು ಕಡಿಮೆ, ನಡುವಿನ ಟೊಳ್ಳಿನಲ್ಲಿ ಮೂಲೆಗೆ ಕಂಬಿ ಇಳಿಸಿ ಕಾಂಕ್ರೀಟ್ ತುಂಬಿದರೆ ಕಂಬವೇ ಆಗುತ್ತದೆ. ನಮ್ಮ ಮಳೆಗೆ ಇದಕ್ಕಿಂತ ಒಳ್ಳೆಯದಿಲ್ಲ ಎಂದು ನನ್ನ ವಾದ. ಹೊರಮೈಗೆ ತಾಗಿದ ತೇವ ಟೊಳ್ಳಿನ ತನಕ ಬಂದು ಅಲ್ಲಿ ನಿಲ್ಲುತ್ತದೆ, ಒಳಮೈಗೆ ದಾಟಲು ಸೇತುವೆ ಇರುವುದಿಲ್ಲ. ಆದರೆ ಅದಕ್ಕೆ ಗಾರೆಯನ್ನು ಬ್ಲಾಕಿನ ಎರಡು ಅಂಚುಗಳ ಮೇಲೆ ಮಾತ್ರ ಪಟ್ಟಿ ಎಳೆದಂತೆ ಹಾಕಬೇಕು. ಹಾಲೋ ಬ್ಲಾಕ್ ಕಟ್ಟಡದ ಐಎಸ್ 2572 ಅದನ್ನೇ ಹೇಳುವುದು. ನಮ್ಮ ಮೇಸ್ತ್ರಿಗಳು ಇಟ್ಟಿಗೆಯಲ್ಲಿ ಕೈ ಪಳಗಿಸಿಕೊಂಡವರು. ಉದ್ದಕ್ಕೂ ಗಾರೆ ಸುರಿದು, ಟೊಳ್ಳಿನೊಳಗೆ ಅರ್ಧ ಬೀಳಿಸಿ, ನೀರಿಗೆ ತಾವೇ ಸೇತುವೆ ಕಟ್ಟಿಕೊಡುತ್ತಾರೆ. ಆಮೇಲೆ ಹಾಲೋ ಬ್ಲಾಕು ಒಸರುತ್ತದೆ ಎಂಬ ಹೆಸರು. ಮನೆ ಯಜಮಾನರಿಗಂತೂ ಟೊಳ್ಳು ಎಂದರೇ ಸಂಶಯ. "ಒಳಗೆ ಇಲಿ ಓಡಾಡ್ತವಂತಲ್ಲ ಮಾರಾಯ" ಎಂದು ಬೆರಳಿನಿಂದ ತಟ್ಟಿ ನೋಡುತ್ತಾರೆ. ಕಡೆಗೆ ಹಾಲೋ ಬ್ಲಾಕು ಕಾಂಪೌಂಡಿಗೆ, ಶೆಡ್ಡಿಗೆ ಹೋಗುತ್ತದೆ, ಮನೆಗೆ ಸಾಲಿಡ್.

ಇಟ್ಟಿಗೆಯ ಚಾಳಿ ಇನ್ನೊಂದು ಕಡೆಯೂ ಕಾಡಿತು. ಇಟ್ಟಿಗೆಯನ್ನು ಕಟ್ಟುವ ಮುಂಚೆ ನೀರಲ್ಲಿ ನೆನೆಸಬೇಕು. ಬ್ಲಾಕನ್ನು ನೆನೆಸಬಾರದು. ಒದ್ದೆ ಬ್ಲಾಕು ಗೋಡೆಯಲ್ಲಿ ಕೂತ ಮೇಲೆ ಒಣಗುತ್ತ ಕುಗ್ಗುತ್ತದೆ. ಜುಲೈಯಲ್ಲಿ ಅವಸರದಿಂದ ಕಟ್ಟಿದ ಗೋಡೆಯಲ್ಲಿ ಬಿರುಕು ಕಾಣುವುದು ಮಾರ್ಚಿಯಲ್ಲಿ, ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಗಾರೆಯ ಸಾಲು ಹಿಡಿದು ಮೇಲೆ ಹೋಗುತ್ತದೆ. ಮುಂದಿನ ಜೂನಿನಲ್ಲಿ ಇರಚಲು ಆ ಬಿರುಕಿನಲ್ಲೇ ಒಳಗೆ ಬರುತ್ತದೆ. ಮನೆಯವರು ತಳಪಾಯ ಕುಸಿದಿದೆ ಎಂದು ಹೆದರಿ ವಾಸ್ತುವಿನವರನ್ನು ಕರೆಸುತ್ತಾರೆ.

ನಡುವೆ ಮಣ್ಣಿನ ಬ್ಲಾಕಿನ ಸುದ್ದಿಯೂ ಬಂದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಅಸ್ತ್ರ ಎಂಬ ಕೇಂದ್ರ ಕಟ್ಟಿದರು, ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಯವರು, ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿ, ಸುಡದೆ ಬ್ಲಾಕು ಮಾಡುವುದನ್ನು ವರ್ಷಗಟ್ಟಲೆ ತಿದ್ದಿ ತೀಡಿದರು. ಕೊಲಂಬಿಯಾದಲ್ಲಿ 1950ರ ದಶಕದಲ್ಲಿ ಹುಟ್ಟಿದ ಸಿನ್ವಾ ರಾಮ್ ಎಂಬ ಒತ್ತುಯಂತ್ರದ ಬಳಗಕ್ಕೆ ಸೇರಿದ್ದು ಆ ಕೈಯಂತ್ರ. ಬೆಂಗಳೂರು, ಮೈಸೂರಿನಲ್ಲಿ ಓದಿದವರು ಅಂಥ ಮನೆ ಕಟ್ಟಿಸಿ ಹೆಮ್ಮೆಪಟ್ಟರು. ದೊಡ್ಡ ಸೂರು ಬಿಟ್ಟರೆ ನಮ್ಮ ಕೆಮ್ಮಣ್ಣಿಗೂ ಅದು ಆಗದ ಕೆಲಸವೇನಲ್ಲ. ನಮ್ಮಲ್ಲಿ ಯಾಕೆ ಹಿಡಿಯಲಿಲ್ಲ ಎಂದರೆ, ಮಣ್ಣಿನ ಮನೆಯಲ್ಲಿ ಹುಟ್ಟಿದವನಿಗೆ ಮಣ್ಣಿನ ಮನೆ ಬೇಡ. ಲೈನಿನಲ್ಲಿ ಬೆಳೆದು ಆಶ್ರಯದಲ್ಲಿ ಸ್ವಂತ ಮನೆ ಕಟ್ಟುವವನಿಗೆ ಪರಿಸರದ ಪಾಠ ಹೇಳಿದರೆ, ನೀವು ಮೊದಲು ಕಟ್ಟಿ ಎನ್ನುತ್ತಾನೆ. ಅವನ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಮನೆಯೂ ಬ್ಲಾಕಿನದೇ.

ಸೂರಿಗೆ ನಿಜವಾದ ಪೆಟ್ಟು ಬಿದ್ದದ್ದು 1990ರ ದಶಕದ ನಡುವಿನಲ್ಲಿ. ಕಾಫಿ ಬೋರ್ಡಿನ ಪೂಲಿಗೇ ಕಾಫಿ ಕೊಡಬೇಕೆಂಬ ಕಟ್ಟು ಸಡಿಲವಾಗಿ ಬೆಳೆಗಾರರ ಕೈಗೆ ಮಾರಾಟ ಬಂತು. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಅಲ್ಲಿನ ಗಿಡಗಳು ಸುಟ್ಟವು. ಇಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ. ಹತ್ತು ಎಕರೆಯವನ ಕೈಯಲ್ಲೂ ದುಡ್ಡು. ಆ ದುಡ್ಡು ಕಾರಿಗೆ, ಮದುವೆಗೆ, ಮನೆಗೆ ಹೋಯಿತು. ತೊಟ್ಟಿಮನೆ ಕೆಡವಿ ತಾರಸಿ ಮನೆ ಕಟ್ಟುವ ಹುರುಪು ಬಂದದ್ದು ಆಗ. ಪ್ಲಾನು ಬೆಂಗಳೂರಿನಿಂದ ಬರುತ್ತಿತ್ತು. ಬೆಂಗಳೂರಿನ ಮಳೆ ನಮ್ಮ ಮಳೆಯ ಮೂರರಲ್ಲೊಂದು ಪಾಲು ಎನ್ನುವುದು ಪ್ಲಾನು ಬರೆದವರ ತಲೆಗೆ ಬರಲಿಲ್ಲ. ಮೇಲೆ ಚಪ್ಪಟೆ ಆರ್‌ಸಿಸಿ, ಕಿಟಕಿಗೆ ಒಂದೂವರೆ ಅಡಿ ಸಜ್ಜಾ, ಗೋಡೆಗೆ ಏನೂ ಇಲ್ಲ. ಸಿಮೆಂಟಿನ ಗೋಡೆ ತಾನೇ, ಕರಗುತ್ತದೆಯೇ?

ಕರಗಲಿಲ್ಲ, ನಿಜ. ಕುಡಿಯಿತು. ಒಳ್ಳೆಯ ಬ್ಲಾಕು ಕೂಡ ತನ್ನ ತೂಕದ ನೂರಕ್ಕೆ ಹತ್ತರ ತನಕ ನೀರು ಹೀರಬಹುದು ಎಂದು ಮಾನಕವೇ ಒಪ್ಪುತ್ತದೆ. ಮೂರು ತಿಂಗಳು ಬಿಡದೆ ಹೀರಿದ ಗೋಡೆಯ ಒಳಬದಿಗೆ ಬೂಷ್ಟು ಹಿಡಿಯಿತು, ಬೀರುವಿನ ಹಿಂದೆ, ದೇವರ ಕೋಣೆಯಲ್ಲಿ, ಮದುಮಕ್ಕಳ ಕೋಣೆಯಲ್ಲಿ. ಒಲೆಯ ಹೊಗೆ ಹಳೆಯ ಮನೆಯನ್ನು ಒಣಗಿಸಿಡುತ್ತಿತ್ತು. ಗ್ಯಾಸು ಬಂದ ಮೇಲೆ ಅದೂ ನಿಂತಿತು. ತಾರಸಿಯ ಮೇಲೆ ನೀರು ನಿಂತು ಸೂರಿಲ್ಲದ ಅಂಚಿನಿಂದ ಗೋಡೆಯ ಮೈಮೇಲೇ ಇಳಿಯಿತು. ಮೊದಲು ವಾಟರ್ ಪ್ರೂಫ್ ಬಣ್ಣ ಬಳಿದರು. ಆಮೇಲೆ ಟಾರು ಹಾಕಿದರು. ಎರಡೂ ಸೋತ ಮೇಲೆ ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು, ಇಳಿಜಾರಿನ ಶೀಟು ಹೊದೆಸಿ, ಸುತ್ತ ಮೂರಡಿ ಹೊರಗೆ ಚಾಚಿದರು. ಈಗ ಮೂಡಿಗೆರೆ, ಕಳಸ, ಬಾಳೆಹೊನ್ನೂರು ಎಲ್ಲಿ ನೋಡಿದರೂ ಆರ್‌ಸಿಸಿ ಮನೆಗಳ ಮೇಲೆ ಶೀಟಿನ ಇನ್ನೊಂದು ಮಾಡು. ಒಂದೇ ಮನೆಗೆ ಎರಡು ಮಾಡಿನ ಖರ್ಚು. ಅಪ್ಪ ಬದುಕಿದ್ದರೆ ಹೇಳುತ್ತಿದ್ದದ್ದು ನನಗೆ ಗೊತ್ತು, ಅದನ್ನು ಇಲ್ಲಿ ಬರೆಯುವುದು ಬೇಡ. ಹೊಸ ಶೀಟಿನ ಕೆಳಗೆ ಮಾತ್ರ ಕಾಫಿ, ಮೆಣಸು ಒಣಗಿಸಲು ಒಳ್ಳೆಯ ಜಾಗವಾಗಿದೆ.

ಈ ನಡುವೆ ಮರಳು ಹೋಯಿತು. ಸಣ್ಣ ಖನಿಜಗಳಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದ ಮೇಲೆ ಹೊಳೆಗೆ ಲಾರಿ ಇಳಿಸುವುದು ಕಷ್ಟವಾಯಿತು, ಆಗಬೇಕಾದದ್ದೇ. ಎಂ-ಸ್ಯಾಂಡ್ ಬಂತು. ಗಾರೆಗೆ ಅದು ಒಗ್ಗದು ಎಂದು ಇನ್ನೂ ಗೊಣಗುವವರಿದ್ದಾರೆ. ಬ್ಲಾಕಿಗೆ ಕ್ರಷರ್ ಪುಡಿ ಮೊದಲಿಂದಲೂ ಒಗ್ಗಿತ್ತು, ನಮಗೆ ಬಾಧಕವಾಗಲಿಲ್ಲ.

2019ರ ಆಗಸ್ಟಿನಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡವೇ ಜಾರಿ ಮನೆ, ತೋಟ, ಗದ್ದೆ ಎಲ್ಲಾ ಹೋದವು. ಚಾರ್ಮಾಡಿ ರಸ್ತೆ ಮುರಿದು ಬಿತ್ತು. ಅಂಥ ಜಾರಿಕೆಯನ್ನು ಯಾವ ಗೋಡೆಯೂ ತಡೆಯದು, ಅದರ ಮಾತು ಬೇರೆ. ಆದರೆ ಅದೇ ಮಳೆಯಲ್ಲಿ ಊರೂರಲ್ಲಿ ಬಿದ್ದ ಸಣ್ಣ ದರೆಗಳನ್ನು ನೋಡಿ ಬಂದೆ. ಮನೆಗೆ ಜಾಗ ಮಾಡಲು ಗುಡ್ಡವನ್ನು ನೆಟ್ಟಗೆ ಕಡಿದು, ಮುಂದೆ ಆರಿಂಚಿನ ಬ್ಲಾಕಿನ ಗೋಡೆ ಎಬ್ಬಿಸಿ, ಪ್ಲಾಸ್ಟರ್ ಮಾಡಿ, ಬಣ್ಣ ಬಳಿದು, ಸುರಕ್ಷಿತವಾಯಿತು ಎಂದುಕೊಂಡವರ ಗೋಡೆಗಳೇ ಹೆಚ್ಚು ಬಿದ್ದಿದ್ದವು. ಗೋಡೆಯಲ್ಲಿ ನೀರು ಹೊರಬರಲು ಒಂದು ತೂತಿಲ್ಲ. ಹಿಂದೆ ನಿಂತ ನೀರಿನ ಒತ್ತಡಕ್ಕೆ ಗೋಡೆ ಹಾಳೆಯ ಹಾಗೆ ಮಗುಚಿಕೊಂಡಿತ್ತು. ಪಕ್ಕದಲ್ಲೇ ಅಜ್ಜಂದಿರ ಕಾಲದ ಕಾಡುಕಲ್ಲಿನ ಕಟ್ಟೆ, ಗಾರೆ ಇಲ್ಲದೆ ಒಂದರ ಮೇಲೊಂದು ಪೇರಿಸಿದ್ದು, ಸಂದಿ ಸಂದಿಯಿಂದ ನೀರು ಸುರಿಸುತ್ತ ನಿಂತಿತ್ತು. ಬ್ಲಾಕು ದರೆ ಹಿಡಿಯುವ ವಸ್ತುವಲ್ಲ. ಹಾಲೋ ಬ್ಲಾಕಿಗೆ ಕಂಬಿ ಕಟ್ಟಿ, ಒಳಗೆ ಕಾಂಕ್ರೀಟ್ ತುಂಬಿ, ಹಿಂದೆ ಜಲ್ಲಿ ಸುರಿದು, ಕೊಳವೆ ಬಿಟ್ಟು ಕಟ್ಟಿದರೆ ಸಣ್ಣ ಎತ್ತರಕ್ಕೆ ಆದೀತು. ಸಾಲಿಡ್ ಬ್ಲಾಕಿನ ಒಂಟಿ ಗೋಡೆ ಆಗದು. ದರೆಗೆ ಎಂದು ಹೇಳಿ ಬ್ಲಾಕು ಕೇಳಿದವರಿಗೆ ಅಂದಿನಿಂದ ನಾನು ಸೈಜುಗಲ್ಲಿನವರ ದಾರಿ ತೋರಿಸುತ್ತೇನೆ.

ಈಗ ಬೂದಿ ಬಣ್ಣದ ಹಗುರ ಎಎಸಿ ಬ್ಲಾಕು ಘಟ್ಟ ಹತ್ತುತ್ತಿದೆ. 1920ರ ದಶಕದಲ್ಲಿ ಸ್ವೀಡನ್ನಿನಲ್ಲಿ ಎರಿಕ್ಸನ್ ಎಂಬವರು ಕಂಡುಹಿಡಿದದ್ದು, ಆವಿಯಲ್ಲಿ ಬೇಯಿಸಿದ್ದು, ಮೈತುಂಬ ಗಾಳಿಗುಳ್ಳೆ. ಲಾರಿ ಬಾಡಿಗೆ ಉಳಿಯುತ್ತದೆ, ಎತ್ತುವವನ ಬೆನ್ನು ಉಳಿಯುತ್ತದೆ. ನೀರು ಕುಡಿಯುವುದರಲ್ಲಿ ಮಾತ್ರ ನನ್ನ ಬ್ಲಾಕಿಗಿಂತ ಮುಂದು; ಸೂರಿಲ್ಲದ ಪಡುವಣ ಗೋಡೆಗೆ ಅದನ್ನು ಹಾಕುವವರ ಧೈರ್ಯ ದೊಡ್ಡದು. ಹೋಂಸ್ಟೇಯವರದು ಇನ್ನೊಂದು ದಾರಿ. ಪೇಟೆಯವರಿಗೆ ಹಳೆಯ ಮನೆಯ ಕಳೆ ಬೇಕು, ಅದಕ್ಕೆ ನನ್ನ ಎಂಟಿಂಚಿನ ಬ್ಲಾಕಿನ ಗೋಡೆ ಕಟ್ಟಿಸಿ, ಅದರ ಮೇಲೆ ಕೆಂಪುಕಲ್ಲನ್ನು ಬಿಲ್ಲೆಯಾಗಿ ಕೊಯ್ದು ಅಂಟಿಸುತ್ತಾರೆ. ಮೇಲೆ ಹಳೆಯ ಮನೆ ಕೆಡವಿದ ಕಡೆಯಿಂದ ತಂದ ಮಂಗಳೂರು ಹೆಂಚು. ನಗಬೇಕೆನ್ನಿಸಿದರೂ ಒಂದು ಮಾತು ಒಪ್ಪಬೇಕು: ಚೆಂದಕ್ಕಾಗಿ ಬಿಟ್ಟ ಅವರ ಅಗಲ ಸೂರಿನ ಕೆಳಗೆ ಗೋಡೆ ಒಣಗಿದೆ.

ಯಾರ್ಡಿನಲ್ಲಿ ಪ್ರತಿ ರಾಶಿಯ ಮೇಲೂ ಹಾಕಿದ ತಾರೀಕನ್ನು ಸೀಮೆಸುಣ್ಣದಲ್ಲಿ ಬರೆಸುತ್ತೇನೆ. ಮಳೆಗಾಲಕ್ಕೆ ಮಾರುವ ರಾಶಿಯನ್ನು ಶೆಡ್ಡಿನಲ್ಲೇ ಒಣಗಿಸುತ್ತೇನೆ, ದರ ಎರಡು ರೂಪಾಯಿ ಹೆಚ್ಚು. ಮೇ ತಿಂಗಳಲ್ಲಿ ಓಡೋಡಿ ಬಂದು ನಾಳೆಗೇ ಎರಡು ಸಾವಿರ ಬೇಕು ಎನ್ನುವವರಿಗೆ ಕುರ್ಚಿ ಹಾಕಿ, ಕಾಫಿ ಕೊಟ್ಟು, ಪ್ಲಾನು ತೋರಿಸಿ ಎನ್ನುತ್ತೇನೆ. ಸೂರು ಎರಡೂವರೆ ಅಡಿ ಇದ್ದರೆ ಲೋಡಿಗೆ ಹೇಳುತ್ತೇನೆ. ಇಲ್ಲದಿದ್ದರೂ ಬ್ಲಾಕು ಕೊಡುತ್ತೇನೆ, ವ್ಯಾಪಾರ ಬಿಡಲಾಗುತ್ತದೆಯೇ. ಬಿಲ್ಲಿನ ಹಿಂದೆ ಶೀಟು ಹಾಕುವವರ ಫೋನ್ ನಂಬರೂ ಬರೆದುಕೊಡುತ್ತೇನೆ.